ಅಕ್ಟೋಬರ್ 21ರ ಅಸೆಂಬ್ಲಿ ಬಗ್ಗೆ ಪೋಷಕರಿಗೆ ಪತ್ರ

ಎಲ್ಲಾ ಪೋಷಕರಿಗೂ ನಮಸ್ಕಾರ,

ಇದೇ 21ನೇ ತಾರೀಕು ಪೊಲೀಸ್ ಹುತಾತ್ಮರ ದಿನ. ಅವತ್ತು ಬೆಳಿಗ್ಗೆ ಪ್ರಾರ್ಥನೆ ಆದ್ಮೇಲೆ ಒಂದು ಹದಿನೈದು ನಿಮಿಷ, ಡ್ಯೂಟಿಲಿ ಇರುವಾಗ್ಲೇ ಜೀವ ಕಳ್ಕೊಂಡ ಪೊಲೀಸರನ್ನ ನೆನೆಸ್ಕೊಳ್ಳೋಣ ಅಂತ ಸ್ಟಾಫ್ ಮೀಟಿಂಗ್‌ನಲ್ಲಿ ಮಾತಾಗಿದೆ. ಮಕ್ಳು ಮನೆಗೆ ಬಂದು ನೂರೆಂಟು ಪ್ರಶ್ನೆ ಕೇಳ್ತಾರೆ, ನಿಮಗೆ ಮೊದ್ಲೇ ಗೊತ್ತಿರ್ಲಿ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಲ್ಲಿ ಓದಿ.

ನಮ್ಮ ಕೊಡಗಲ್ಲಿ ಸೇನೆ ಬಗ್ಗೆ ಮಕ್ಕಳಿಗೆ ಶಾಲೇಲಿ ಹೇಳ್ಕೊಡೋ ಅಗತ್ಯನೇ ಬರಲ್ಲ. ಮಡಿಕೇರಿಗೆ ಹೋದ್ರೆ ಸರ್ಕಲ್‌ಗಳೇ ಹೇಳ್ತವೆ, ಎಷ್ಟೋ ಮನೆಗಳಲ್ಲಿ ಗೋಡೆ ಮೇಲೆ ಯೂನಿಫಾರ್ಮ್ ಹಾಕಿರೋ ತಾತನ ಫೋಟೋ ಇದೆ, ಕಾರ್ಯಪ್ಪ ತಿಮ್ಮಯ್ಯ ಅಂದ್ರೆ ಒಂದನೇ ಕ್ಲಾಸಿನ ಮಗುನೂ ತಲೆ ಆಡಿಸುತ್ತೆ. ಪೊಲೀಸ್ ಅಂದ್ರೆ ಮಾತ್ರ ಹೆಲ್ಮೆಟ್ ಫೈನ್ ಅಷ್ಟೇ. ಮೊನ್ನೆ ತಲಕಾವೇರಿ ತೀರ್ಥೋದ್ಭವಕ್ಕೆ ಹೋಗಿದ್ರಲ್ಲ, ಆ ಚಳೀಲಿ ಭಾಗಮಂಡಲದಿಂದ ಮೇಲ್ತನಕ ವೆಹಿಕಲ್ ಬಿಡಿಸ್ತಾ ನಿಂತಿದ್ದವ್ರನ್ನ ಯಾರಾದ್ರೂ ಗಮನಿಸಿದ್ರಾ ಅಂತ ಏಳನೇ ಕ್ಲಾಸಲ್ಲಿ ಕೇಳಿದ್ರೆ, ರೋಡ್ ಬ್ಲಾಕ್ ಆಗಿದ್ದು ಮಾತ್ರ ನೆನಪಿದೆ ಮಕ್ಳಿಗೆ!

21ನೇ ತಾರೀಕೇ ಯಾಕೆ ಅಂದ್ರೆ 1959ರಲ್ಲಿ ಅವತ್ತು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಹತ್ರ ಚೀನಾ ಸೈನಿಕರ ಗುಂಡಿಗೆ ನಮ್ಮ 10 ಜನ ಪೊಲೀಸರು ಸತ್ರು. ಹಿಂದಿನ ದಿನ ಗಸ್ತಿಗೆ ಹೋದೋರು ವಾಪಸ್ ಬರ್ಲಿಲ್ಲ ಅಂತ ಹುಡುಕ್ಕೊಂಡು ಹೊರಟಿದ್ದ ತಂಡ ಅದು. ಗಡೀಲಿ ಪೊಲೀಸರಿಗೇನು ಕೆಲ್ಸ ಅಂತ ಮಕ್ಳು ಖಂಡಿತ ಕೇಳ್ತಾರೆ, ಆಗ ಆ ಕಡೆ ಗಡಿ ಕಾಯ್ತಾ ಇದ್ದಿದ್ದೇ ಪೊಲೀಸರು, ಈಗ ಅಲ್ಲಿ ಗಡಿ ಕಾಯೋ ಐಟಿಬಿಪಿ (ಇಂಡೋ ಟಿಬೆಟನ್ ಬಾರ್ಡರ್ ಪೊಲೀಸ್) ಹುಟ್ಟಿದ್ದು ಆಮೇಲೆ, 1962ರಲ್ಲಿ.

ಈ ಸಲ ನಾವು ಹೆಚ್ಚು ಮಾತಾಡೋದು ತುಕಾರಾಂ ಓಂಬ್ಳೆ ಬಗ್ಗೆ. 2008ರ ನವೆಂಬರ್ 26ರ ಮುಂಬೈ ದಾಳಿ ಅಂದ್ರೆ ಅವತ್ತು ಸತ್ತ ಪೊಲೀಸ್ ಅಧಿಕಾರಿಗಳಾದ ಕರ್ಕರೆ, ಕಾಮ್ಟೆ, ಸಾಲಸ್ಕರ್ ಹೆಸ್ರು ಬರುತ್ತೆ, ಬರ್ಲೇಬೇಕು, ಆದ್ರೆ ನಾನು ಓಂಬ್ಳೆನ ಆರಿಸಿದ್ದು ಬೇಕಂತ್ಲೇ. ಅವ್ರು ಎಎಸ್‌ಐ, ನಮ್ಮ ಠಾಣೆ ಮುಂದೆ ದಿನಾ ಕಾಣೋ ಥರದ ಮನುಷ್ಯ, ಮೊದ್ಲು ಸೇನೇಲಿದ್ದು ಆಮೇಲೆ ಪೊಲೀಸ್ ಸೇರಿದವ್ರು (ನಮ್ಮೂರಲ್ಲಿ ಎಕ್ಸ್ ಸರ್ವೀಸ್‌ಮನ್ ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾ). ಗಿರ್ಗಾಂವ್ ಚೌಪಾಟಿ ನಾಕಾಬಂದೀಲಿ ಭಯೋತ್ಪಾದಕರಿದ್ದ ಸ್ಕೋಡಾ ಕಾರು ತಿರುಗ್ಸೋಕೆ ಹೋಗಿ ಡಿವೈಡರ್‌ಗೆ ಹೊಡೀತು, ಒಬ್ಬ ಗುಂಡಿನ ಚಕಮಕೀಲಿ ಸತ್ತ, ಇನ್ನೊಬ್ಬ ಕಸಬ್, ಅವ್ನ ಕೈಲಿ ಎಕೆ 47. ಓಂಬ್ಳೆ ಕೈಲಿದ್ದಿದ್ದು ಲಾಠಿ. ಅವ್ರು ಆ ಬಂದೂಕಿನ ನಳಿಗೇನೇ ಎರಡೂ ಕೈಲಿ ಹಿಡ್ಕೊಂಡ್ರು, ಅವ್ನು ಒತ್ತಿದ ಗುಂಡೆಲ್ಲ ಅವ್ರ ಮೈಗೇ ಬಿತ್ತು, ಬಿಡ್ಲಿಲ್ಲ, ಹಿಂದಿದ್ದ ಸಹೋದ್ಯೋಗಿಗಳು ಉಳ್ಕೊಂಡ್ರು, ಕಸಬ್ ಜೀವಂತ ಸಿಕ್ಕಿದ, ವಿಚಾರಣೆ ನಡೆದು 2012ರಲ್ಲಿ ಗಲ್ಲಾಯ್ತು. ಓಂಬ್ಳೆಗೆ 2009ರಲ್ಲಿ ಮರಣೋತ್ತರ ಅಶೋಕ ಚಕ್ರ ಬಂತು.

ಚಿಕ್ಕ ಮಕ್ಳಿಗೆ ಗುಂಡು, ರಕ್ತ ಏನೂ ಹೇಳಲ್ಲ. ಅವ್ರಿಗೆ ಜೇಡದ ಕಥೆ. ಮಹಾರಾಷ್ಟ್ರದಲ್ಲಿ ಸಿಕ್ಕಿದ ಒಂದು ಹೊಸ ಜಾತಿ ಜಿಗಿಯೋ ಜೇಡಕ್ಕೆ ವಿಜ್ಞಾನಿಗಳು ಓಂಬ್ಳೆ ನೆನಪಿಗೆ ಐಸಿಯಸ್ ತುಕಾರಾಮಿ ಅಂತ ಹೆಸ್ರಿಟ್ಟಿದಾರೆ, 2021ರಲ್ಲಿ. ಕಾಫಿ ತೋಟದಲ್ಲಿ ಜೇಡ ಹಿಡಿದು ಬೆಂಕಿಪೊಟ್ಟಣದಲ್ಲಿ ಹಾಕ್ಕೊಂಡು ಕ್ಲಾಸಿಗೆ ತರೋ ನಮ್ಮ ಮಕ್ಕಳಿಗೆ ಇದಕ್ಕಿಂತ ಬೇರೆ ಪಾಠ ಬೇಡ. ಎಂಟು ಒಂಬತ್ತರವ್ರಿಗೆ ನಮ್ಮ ರಾಜ್ಯದ್ದೂ ಹೇಳ್ತೀವಿ, 1992ರ ಆಗಸ್ಟ್ 14ಕ್ಕೆ ವೀರಪ್ಪನ್‌ನ ಹಿಡಿಯೋಕೆ ಹೋಗಿ ಮೀಣ್ಯಂ ಹತ್ರ ಹೊಂಚು ದಾಳೀಲಿ ಸತ್ತ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಅವ್ರ ವಿಷ್ಯ.

ಈಗ ನಿಮ್ಮಲ್ಲಿ ಒಂದು ಕೇಳ್ಕೊಳ್ಳೋದಿದೆ, ನಿಜ ಹೇಳ್ಬೇಕಂದ್ರೆ ಇಷ್ಟುದ್ದ ಬರೆದಿದ್ದೇ ಇದಕ್ಕೆ. ಊಟ ಮಾಡಿಲ್ಲ ಅಂದ್ರೆ ಪೊಲೀಸ್ ಬಂದು ಹಿಡ್ಕೊಂಡೋಗ್ತಾರೆ ಅಂತ ಮಕ್ಕಳನ್ನ ಹೆದರಿಸ್ಬೇಡಿ. ನಮ್ಮ ಶಾಲೇಲಿ ಪೊಲೀಸ್ ಕ್ವಾರ್ಟರ್ಸ್ ಮಕ್ಳೂ ಇದಾರೆ, ಅವ್ರ ಪಕ್ಕದಲ್ಲೇ ಕೂರೋ ಮಗು ನಿಮ್ಮಪ್ಪ ಎಲ್ಲರನ್ನೂ ಹೊಡೀತಾರಂತೆ ಅಂದ್ರೆ ಆ ಮಗುಗೆ ಹೇಗಾಗ್ಬೇಡ. ಅಪ್ಪ ಹಬ್ಬಕ್ಕೆ ಮನೇಲಿಲ್ಲ, ಅಮ್ಮ ದಸರಾ ದಶಮಂಟಪದ ರಾತ್ರಿ ಪೂರ್ತಿ ಬಂದೋಬಸ್ತ್‌ನಲ್ಲಿ, ಅದೇ ಅವ್ರಿಗೆ ಸಾಕಷ್ಟಾಗಿದೆ. ಪೊಲೀಸರೆಲ್ಲ ದೇವ್ರು ಅಂತಾನೂ ಹೇಳ್ಕೊಡೋದು ಬೇಡ, ಲಂಚದ ಬಗ್ಗೆ ಮಕ್ಳು ಕೇಳಿದ್ರೆ ಇದ್ದಿದ್ದು ಇದ್ದ ಹಾಗೇ ಹೇಳಿ, ನಾವೂ ಹಾಗೇ ಹೇಳ್ತೀವಿ. ಆದ್ರೆ ದಾರಿ ತಪ್ಪಿದಾಗ, ಯಾರಾದ್ರೂ ಕಾಟ ಕೊಟ್ಟಾಗ ಠಾಣೆಗೆ ಓಡ್ಬೇಕಾದ ಮಗು ಠಾಣೆ ನೋಡಿ ಓಡಿ ಹೋಗ್ಬಾರ್ದು, 112ಕ್ಕೆ ಫೋನ್ ಮಾಡೋದು ಗೊತ್ತಿರ್ಬೇಕು.

ಹಾಗೇ ಆ ಮುಂಬೈ ದಾಳಿ ವೀಡಿಯೋ, ಫೋಟೋ ಕ್ಲಾಸ್ ಗ್ರೂಪಿಗೆ ಯಾರೂ ಫಾರ್ವರ್ಡ್ ಮಾಡ್ಬೇಡಿ ದಯವಿಟ್ಟು.

ಒಂಬತ್ತನೇ ಕ್ಲಾಸಿನವ್ರನ್ನ ಮಡಿಕೇರೀಲಿ ನಡೆಯೋ ಪೊಲೀಸ್ ಪೆರೇಡ್‌ಗೆ ಕರ್ಕೊಂಡೋಗೋಕೆ ಅನುಮತಿ ಕೇಳಿದೀವಿ, ಸಿಕ್ರೆ ತಿಳಿಸ್ತೀನಿ. ಅಲ್ಲಿ ಆ ವರ್ಷ ದೇಶದಲ್ಲಿ ಸತ್ತ ಪೊಲೀಸರ ಹೆಸ್ರು ಓದ್ತಾರೆ, ಆಕಾಶಕ್ಕೆ ಗುಂಡು ಹಾರಿಸ್ತಾರೆ. ಹುತ್ತರೀಲಿ ಕದಿರು ಕೊಯ್ಯುವಾಗಿನ ಗುಂಡು ಕೇಳಿ ಬೆಳೆದ ಮಕ್ಳು ಇವ್ರು, ದುಃಖಕ್ಕೆ ಯಾಕೆ ಗುಂಡು ಅಂತ ಕೇಳಿದ್ರೆ ಮನೇಲಿ ಅಜ್ಜ ಅಜ್ಜಿ ಹತ್ರ ಕಳ್ಸಿ, ಸಾವಾದಾಗ ಎರಡು ಗುಂಡು ಹೊಡೆದು ಊರಿಗೆ ತಿಳಿಸ್ತಿದ್ದ ಕೊಡವ ಪದ್ಧತಿ ಅವ್ರು ನನಗಿಂತ ಚೆನ್ನಾಗಿ ಹೇಳ್ತಾರೆ.

ಹೂವು ದುಡ್ಡು ಕೊಟ್ಟು ತರೋದು ಬೇಡ, ಹಿತ್ಲಲ್ಲಿ ಏನಿದ್ಯೋ ಅದು ಸಾಕು. ಮಳೆ ಬಂದ್ರೆ ಹಾಲ್‌ನಲ್ಲಿ ಮಾಡ್ತೀವಿ, ಸ್ವೆಟರ್ ಹಾಕ್ಸಿ ಕಳ್ಸಿ. ಪೊಲೀಸ್, ಫಾರೆಸ್ಟ್ ಇಲಾಖೇಲಿರೋ ಪೋಷಕರು ಬಂದು ಮಕ್ಳ ಜೊತೆ ಎರಡು ಮಾತಾಡೋದಾದ್ರೆ ಕ್ಲಾಸ್ ಟೀಚರ್‌ಗೆ ಒಂದು ಫೋನ್ ಮಾಡಿ, ಡ್ಯೂಟಿ ಇದ್ರೆ ಸಂಕೋಚ ಬೇಡ, ಇನ್ನೊಂದಿನ ಬನ್ನಿ.

ಇಂತಿ,
ಮುಖ್ಯ ಶಿಕ್ಷಕಿ