ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸೋಡಿಯಂಗೂ ಒಂದು ಸಾಲು ಬೇಕು

ಮಾನ್ಯ ಸಂಪಾದಕರೇ,

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆ ಅಚ್ಚುಕಟ್ಟುಗಳಲ್ಲಿ, ಹಳ್ಳದ ಬದಿಯ ತಗ್ಗು ಜಮೀನುಗಳಲ್ಲಿ ಒಂದು ಬಗೆಯ ಜೇಡಿ ಹೊಲಗಳಿವೆ. ಅಲ್ಲಿ ಮಳೆ ನಿಂತ ಮರುದಿನವೂ ನೀರು ಇಂಗದೆ ಬಗ್ಗಡವಾಗಿಯೇ ನಿಂತಿರುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಮೇಲ್ಮಣ್ಣು ಹೆಪ್ಪುಗಟ್ಟಿ, ಮೊಳೆತ ಬೀಜ ತಲೆ ಎತ್ತಲಾರದೆ ಒಳಗೇ ಕೊಳೆಯುತ್ತದೆ. ಇಂತಹ ಹೊಲದ ಮಣ್ಣನ್ನು ಪರೀಕ್ಷೆಗೆ ಕೊಟ್ಟ ರೈತನ ಕೈಗೆ ಬರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಸಸಾರ (ಪಿಎಚ್) ಎಂಟೂವರೆಗಿಂತ ಹೆಚ್ಚು ಎಂದಿದ್ದರೂ ಲವಣಾಂಶದ ಎದುರು ‘ಸಾಮಾನ್ಯ’ ಎಂದೇ ಇರುತ್ತದೆ, ಅದರ ಕೆಳಗೆ ಯೂರಿಯಾ, ಡಿಎಪಿ, ಪೊಟ್ಯಾಷ್‌ಗಳ ಪ್ರಮಾಣ ಬರೆದಿರುತ್ತದೆ. ಆ ಹೊಲದ ನಿಜವಾದ ತೊಂದರೆಯಾದ ಸೋಡಿಯಂನ ಹೆಸರು ಕಾರ್ಡಿನಲ್ಲಿ ಎಲ್ಲಿಯೂ ಇಲ್ಲ. ಇದನ್ನು ಕೃಷಿ ಇಲಾಖೆಯ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಸೋಡಿಯಂ ಹಿಡಿದ ಮಣ್ಣು ಎಂದ ಕೂಡಲೇ ಅದು ಕಡಲ ತೀರದ ಮಾತು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆ ತಿಳಿವಳಿಕೆ ಪೂರಾ ಸುಳ್ಳೇನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ, ಒಂದು ಕಾಲಕ್ಕೆ ಅಲೆಗಳು ಕೊರೆದು ಸಮತಟ್ಟು ಮಾಡಿದ ತೀರವು ಭೂಚಲನೆಯಿಂದ ಮೇಲೆದ್ದು ಮೆಟ್ಟಿಲು ಮೆಟ್ಟಿಲಾಗಿ ನಿಂತಿರುವ ಜಗಲಿಗಳಿವೆ. ಅವುಗಳ ಮೇಲಿನ ಕೆಲವು ಮಣ್ಣುಗಳಲ್ಲಿ ಮೇಲೆ ತೆಳುವಾದ ಮರಳುಗೋಡು ಇದ್ದು, ಅದರ ಕೆಳಗೆ ಥಟ್ಟನೆ ಬಿಗಿಯಾದ ಜೇಡಿ ಪದರ ಸಿಗುತ್ತದೆ. ಕಡಲ ಕೆಸರಿನಿಂದಲೂ ಗಾಳಿ ಹೊತ್ತು ತಂದ ಉಪ್ಪಿನ ಹನಿಗಳಿಂದಲೂ ಬಂದ ಸೋಡಿಯಂ ಆ ಜೇಡಿಯ ಕಣಗಳಿಗೆ ಅಂಟಿಕೊಂಡಿರುತ್ತದೆ. ಮಣ್ಣು ವಿಜ್ಞಾನಿಗಳು ಇಂತಹ ಪದರವನ್ನು ನೇಟ್ರಿಕ್ ಎನ್ನುತ್ತಾರೆ. ಜೇಡಿ ಹಿಡಿದಿಟ್ಟುಕೊಂಡ ಒಟ್ಟು ಧನ ಅಯಾನುಗಳಲ್ಲಿ, ಎಂದರೆ ಧನ ವಿದ್ಯುದಂಶವುಳ್ಳ ಕಣಗಳಲ್ಲಿ, ಶೇ. 15 ಅಥವಾ ಹೆಚ್ಚು ಸೋಡಿಯಂ ಆಗಿರುವುದು ಅದರ ಮುಖ್ಯ ಗುರುತು. ಗುಂಡಿ ತೋಡಿ ನೋಡಿದರೆ ಆ ಜೇಡಿ ಹಲವೆಡೆ ತಲೆ ದುಂಡಗಾದ ಕಂಬಗಳಂತೆ ಸೀಳಿರುತ್ತದೆ. ಮಳೆಗಾಲದಲ್ಲಿ ನೀರು ಆ ಪದರವನ್ನು ದಾಟಲಾಗದೆ ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ, ಬೇರುಗಳೂ ಕಂಬಗಳ ನಡುವಿನ ಬಿರುಕು ಹಿಡಿದು ಮಾತ್ರ ಇಳಿಯುತ್ತವೆ.

ನಮ್ಮ ಉತ್ತರ ಕನ್ನಡದ ಗಜನಿ ಭೂಮಿಯ ಕಥೆ ಬೇರೆ. ಅಲ್ಲಿ ಭರತದ ನೀರಿನೊಂದಿಗೆ ಬಂದ ಉಪ್ಪನ್ನು ಮುಂಗಾರಿನ ಮಳೆಯೇ ತೊಳೆದುಬಿಡುತ್ತದೆ, ಆಮೇಲೆ ರೈತರು ಕಗ್ಗ ಭತ್ತ ಬೆಳೆದುಕೊಳ್ಳುತ್ತಾರೆ. ಕರಗಿದ ಉಪ್ಪು ಮಳೆಗೆ ಜಗ್ಗುತ್ತದೆ. ಜೇಡಿಗೆ ಅಂಟಿದ ಸೋಡಿಯಂ ಮಳೆಯಿಂದ ಮಾತ್ರ ಹೋಗುವುದಿಲ್ಲ. ಕರಗಿದ ಉಪ್ಪಿನ ಚೌಳು ಮಣ್ಣಿಗೂ ಸೋಡಿಯಂ ಅಂಟಿದ ಕರಲು ಮಣ್ಣಿಗೂ ಒಂದೇ ಚಿಕಿತ್ಸೆ ಸಾಲದಿರುವುದು ಈ ಕಾರಣಕ್ಕೆ.

ಕಡಲಿನಿಂದ ಸುಮಾರು ಇನ್ನೂರು ಕಿಲೋಮೀಟರ್ ಆಚೆ, ಸಮುದ್ರ ಮಟ್ಟದಿಂದ ಬಹುಪಾಲು 800 ಮೀಟರಿನ ಆಸುಪಾಸು ಎತ್ತರದಲ್ಲಿರುವ ನಮ್ಮ ಜಿಲ್ಲೆಗಳಿಗೆ ಸೋಡಿಯಂ ಎಲ್ಲಿಂದ ಬಂತು ಎಂದರೆ, ನಮ್ಮ ಕಾಲ ಕೆಳಗಿನ ಬಂಡೆಯಿಂದಲೇ ಬಂತು. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫೆಲ್ಡ್‌ಸ್ಪಾರ್ ಖನಿಜವು ನೀರು ಮತ್ತು ಇಂಗಾಲಾಮ್ಲದ ಸಂಗದಲ್ಲಿ ಶಿಥಿಲವಾಗುವಾಗ ಜೇಡಿ ಉಳಿಯುತ್ತದೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ನೀರಿಗೆ ಸೇರುತ್ತವೆ. ದಿಣ್ಣೆಯ ಕೆಮ್ಮಣ್ಣಿನಲ್ಲಿ ಈ ನೀರು ಬಸಿದು ಹೋಗುವುದರಿಂದ ಅಲ್ಲಿ ಕಾಟವಿಲ್ಲ. ಬಸಿದ ನೀರು ಬಂದು ಸೇರುವುದು ತಗ್ಗಿನ ಜೇಡಿಗೆ. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದಕ್ಕಿಂತ ಎಷ್ಟೋ ಹೆಚ್ಚು ನೀರು ಆವಿಯಾಗುವ ಈ ಸೀಮೆಯಲ್ಲಿ, ತಗ್ಗಿಗೆ ಬಂದ ನೀರು ಮೇಲಕ್ಕೆ ಹಾರಿಹೋಗಿ ಅದರಲ್ಲಿದ್ದುದು ಕೆಳಗೆ ಉಳಿಯುತ್ತದೆ. ಹಾಗೆ ಸಾಂದ್ರವಾಗುವಾಗ ಕ್ಯಾಲ್ಸಿಯಂ ಮೊದಲು ಸುಣ್ಣದ ಹರಳಾಗಿ ಗಟ್ಟಿಯಾಗಿ ಬೇರ್ಪಡುವುದರಿಂದ, ದ್ರಾವಣದಲ್ಲಿ ಸೋಡಿಯಂನ ಪಾಲು ಏರುತ್ತಲೇ ಹೋಗುತ್ತದೆ.

ಕ್ಯಾಲ್ಸಿಯಂಗೂ ಸೋಡಿಯಂಗೂ ಇರುವ ವ್ಯತ್ಯಾಸ ಮಣ್ಣಿನ ಮಟ್ಟಿಗೆ ದೊಡ್ಡದು. ಎರಡು ವಿದ್ಯುದಂಶವುಳ್ಳ ಕ್ಯಾಲ್ಸಿಯಂ ಜೇಡಿಯ ಹಾಳೆಗಳನ್ನು ಒತ್ತಾಗಿ ಹಿಡಿದು, ಗಾಳಿ ನೀರು ಆಡುವ ಸಣ್ಣ ಹರಳುಗಳನ್ನಾಗಿ ಕಟ್ಟುತ್ತದೆ. ಒಂದೇ ವಿದ್ಯುದಂಶದ ಸೋಡಿಯಂ ತನ್ನ ಸುತ್ತ ನೀರಿನ ಪೊರೆ ಹೊದ್ದುಕೊಂಡಿರುವುದರಿಂದ ಹಾಳೆಗಳು ಒಂದನ್ನೊಂದು ಹಿಡಿಯಲಾರವು. ನೆನೆದೊಡನೆ ಹರಳು ಒಡೆದು ಕಣಕಣವಾಗಿ ಚೆದುರುತ್ತದೆ, ಆ ಕಣಗಳು ಮಣ್ಣಿನ ರಂಧ್ರಗಳಿಗೆ ಹೊಕ್ಕು ಬಿರಡೆಯಾಗುತ್ತವೆ. ಇಲ್ಲಿ ರೈತರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನೀರಿನಲ್ಲಿ ಇತರ ಲವಣಗಳು ಇರುವ ತನಕ ಅವುಗಳ ಒತ್ತಡಕ್ಕೆ ಜೇಡಿ ಸ್ವಲ್ಪಮಟ್ಟಿಗೆ ಕೂಡಿಕೊಂಡೇ ಇರುತ್ತದೆ. ಲವಣವಿಲ್ಲದ ಶುದ್ಧ ಮಳೆ ನೀರು ಬಿದ್ದಾಗಲೇ ಅದು ಪೂರ್ತಿ ಚೆದುರುವುದು. ಬೇಸಿಗೆಯಿಡೀ ಬೋರ್‌ವೆಲ್ ನೀರಿನಲ್ಲಿ ಹದವಾಗಿಯೇ ಕಂಡ ಹೊಲ ಮೊದಲ ಹದಮಳೆಗೆ ಹೆಪ್ಪುಗಟ್ಟಿದಾಗ, ಮಳೆಯನ್ನೋ ಬೀಜದ ಅಂಗಡಿಯವನನ್ನೋ ದೂರುವ ಮುನ್ನ ಇದನ್ನು ನೆನೆಯಬೇಕು.

ಕಾರ್ಡಿನ ದೋಷವೂ ಇಲ್ಲಿಯೇ ಇದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ 12 ಅಂಶಗಳನ್ನು ಅಳೆಯಲಾಗುತ್ತದೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಐದು ಲಘು ಪೋಷಕಾಂಶಗಳು, ಮತ್ತು ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ. ವಿದ್ಯುತ್ ವಾಹಕತೆ ತೋರಿಸುವುದು ಕರಗಿದ ಲವಣವನ್ನು ಮಾತ್ರ. ಜೇಡಿಗೆ ಅಂಟಿಕೊಂಡ ಸೋಡಿಯಂ ಅದರ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಲವಣ ಪ್ರಯೋಗಾಲಯವು 1954ರಲ್ಲಿ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ವರ್ಗೀಕರಣದ ಪ್ರಕಾರ ಕ್ಷಾರ ಮಣ್ಣಿನ, ಎಂದರೆ ಕರಲು ಮಣ್ಣಿನ, ಲಕ್ಷಣವೇ ವಾಹಕತೆ ಕಡಿಮೆ, ಅಂಟಿದ ಸೋಡಿಯಂ ಶೇ. 15ಕ್ಕಿಂತ ಹೆಚ್ಚು, ಮತ್ತು ಸಾಮಾನ್ಯವಾಗಿ ರಸಸಾರ 8.5ಕ್ಕಿಂತ ಮೇಲು ಎಂಬುದು. ಎಂದರೆ ಕಾರ್ಡು ‘ಲವಣಾಂಶ ಸಾಮಾನ್ಯ’ ಎನ್ನುವುದು ಕ್ಷಾರ ಮಣ್ಣಿನ ವಿಷಯದಲ್ಲಿ ಸಮಾಧಾನದ ಮಾತಲ್ಲ, ರೋಗದ ಲಕ್ಷಣಗಳಲ್ಲಿ ಒಂದು. ಇಷ್ಟು ರಸಸಾರವಿರುವ ಹೊಲಕ್ಕೆ ಎರಚಿದ ಯೂರಿಯಾದ ಸಾರಜನಕದಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಸತುವು ಇದ್ದರೂ ಬೆಳೆಗೆ ಸಿಗುವುದಿಲ್ಲ. ಹೀಗಾಗಿ ಅದೇ ಕಾರ್ಡಿನ ಗೊಬ್ಬರದ ಶಿಫಾರಸೂ ಅರ್ಧ ವ್ಯರ್ಥವಾಗುತ್ತದೆ.

ನೀರಿನ ಪರೀಕ್ಷೆಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ನೀರನ್ನು ನಮ್ಮಲ್ಲಿ ಫ್ಲೋರೈಡ್‌ಗಾಗಿ ಪರೀಕ್ಷಿಸುತ್ತಾರೆ, ಅದು ಕುಡಿಯುವವರ ಹಲ್ಲು ಮೂಳೆಗಳ ಪ್ರಶ್ನೆಯಾದ್ದರಿಂದ ಅಗತ್ಯವೂ ಹೌದು. ಆದರೆ ಫ್ಲೋರೈಡ್ ಹೆಚ್ಚಿರುವ ನೀರು ಬಹುಪಾಲು ಕ್ಯಾಲ್ಸಿಯಂ ಕಡಿಮೆ ಇರುವ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿರುವ ನೀರೇ ಆಗಿರುತ್ತದೆ. ಕ್ಯಾಲ್ಸಿಯಂ ಇದ್ದಲ್ಲಿ ಅದು ಫ್ಲೋರೈಡನ್ನು ಕಟ್ಟಿಹಾಕುತ್ತದೆ. ಹಾಗಾಗಿ ಒಂದು ಊರಿನ ನೀರು ಫ್ಲೋರೈಡ್ ಕಾರಣಕ್ಕೆ ಕುಡಿಯಲು ಯೋಗ್ಯವಲ್ಲ ಎಂದು ತೀರ್ಮಾನವಾದಾಗ, ಅದೇ ನೀರು ಕುಡಿಯುತ್ತಿರುವ ಹೊಲದ ಗತಿಯೇನು ಎಂದು ಯಾರಾದರೂ ಕೇಳಬೇಕಿತ್ತು. ಅದನ್ನು ಅಳೆಯುವ ಸರಳ ಸೂಚ್ಯಂಕವಿದೆ. ಒಂದು ಲೀಟರ್ ನೀರಿನಲ್ಲಿರುವ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್‌ಗಳ ಮೊತ್ತದಿಂದ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂಗಳ ಮೊತ್ತವನ್ನು, ಎಲ್ಲವನ್ನೂ ಮಿಲಿ ಈಕ್ವಿವಲೆಂಟ್‌ನಲ್ಲಿ (ಅಯಾನುಗಳನ್ನು ಅವುಗಳ ವಿದ್ಯುದಂಶದ ಲೆಕ್ಕದಲ್ಲಿ ಅಳೆಯುವ ಮಾನ) ಲೆಕ್ಕ ಹಾಕಿ, ಕಳೆದರೆ ಉಳಿಯುವುದೇ ಉಳಿಕೆ ಸೋಡಿಯಂ ಕಾರ್ಬೊನೇಟ್. ಅದು 1.25ಕ್ಕಿಂತ ಕಡಿಮೆ ಇದ್ದರೆ ನೀರಾವರಿಗೆ ಚಿಂತೆಯಿಲ್ಲ, 2.5 ದಾಟಿದರೆ ಆ ನೀರನ್ನು ಹಾಗೆಯೇ ಹಾಯಿಸುವುದು ಜೇಡಿ ಮಣ್ಣಿಗೆ ಕೇಡು. ಹನಿ ನೀರಾವರಿಯ ಡ್ರಿಪ್ಪರ್‌ಗಳಲ್ಲಿ ಬಿಳಿ ಸುಣ್ಣ ಕಟ್ಟಿಕೊಂಡು ಆಸಿಡ್ ಬಿಟ್ಟು ತೊಳೆಯುವ ಕಷ್ಟವನ್ನು ಬಲ್ಲ ರೈತರು ಇದೇ ಕ್ರಿಯೆಯ ಅರ್ಧವನ್ನು ಕಣ್ಣಾರೆ ಕಂಡವರು. ಕ್ಯಾಲ್ಸಿಯಂ ಪೈಪಿನಲ್ಲೇ ಉಳಿದರೆ ಹೊಲಕ್ಕೆ ಹೋಗುವ ನೀರಿನಲ್ಲಿ ಸೋಡಿಯಂನದೇ ರಾಜ್ಯ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು 126 ಕೆರೆಗಳಿಗೆ ಕೊಡುವುದು ಯೋಜನೆಯ ಗುರಿ. ಬತ್ತಿದ ಬಾವಿಗಳಲ್ಲಿ ನೀರು ಕಂಡವರು ಅದನ್ನು ಸ್ವಾಗತಿಸಿದ್ದಾರೆ, ಎರಡನೆಯ ಹಂತದ ಸಂಸ್ಕರಣೆ ಸಾಲದು ಎನ್ನುವವರು ಮೂರನೆಯ ಹಂತಕ್ಕಾಗಿ ಒತ್ತಾಯಿಸುತ್ತಿದ್ದಾರೆ. ನಾನು ಆ ವಾದಕ್ಕೆ ಇಳಿಯುವುದಿಲ್ಲ. ಆದರೆ ಚರ್ಚೆಯೆಲ್ಲ ನೊರೆ, ವಾಸನೆ, ಭಾರ ಲೋಹಗಳ ಸುತ್ತಲೇ ನಡೆದಿದೆ. ಮನೆಗಳಿಂದ ಬರುವ ಕೊಳಚೆ ನೀರಿಗೆ ಅಡುಗೆ ಉಪ್ಪಿನಿಂದಲೂ ಬಟ್ಟೆ ಸೋಪಿನ ಪುಡಿಯಿಂದಲೂ ಸೋಡಿಯಂ ಸೇರುತ್ತದೆ, ಎರಡನೆಯ ಹಂತದ ಸಂಸ್ಕರಣೆ ಕರಗಿದ ಲವಣವನ್ನು ತೆಗೆಯುವುದಿಲ್ಲ. ಕೇಡಾಗಿದೆ ಎಂದು ಆರೋಪಿಸಲು ಇದನ್ನು ಹೇಳುತ್ತಿಲ್ಲ. ಕೆರೆಯ ನೀರಿನ ಮತ್ತು ಸುತ್ತಲಿನ ಬಾವಿಗಳ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಬೈಕಾರ್ಬೊನೇಟ್ ಅಂಕಿಗಳನ್ನು ವರ್ಷಕ್ಕೆರಡು ಬಾರಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿದರೆ ರೈತನೇ ಲೆಕ್ಕ ಹಾಕಿಕೊಳ್ಳಬಲ್ಲ.

ಕೆರೆಗೋಡಿನ ವಿಷಯವೂ ಇದಕ್ಕೆ ಸೇರಿದ್ದು. ಹೂಳೆತ್ತಿದ ಗೋಡನ್ನು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುವುದು ನಮ್ಮ ಹಿರಿಯರ ಕಾಲದಿಂದ ಬಂದ ಒಳ್ಳೆಯ ರೂಢಿ, ಮರಳು ಮಿಶ್ರಿತ ಕೆಮ್ಮಣ್ಣಿಗೆ ಅದು ತೇವ ಹಿಡಿಯುವ ಶಕ್ತಿ ಕೊಡುತ್ತದೆ. ಆದರೆ ಗೋಡು ಎಂದರೆ ಜೇಡಿ, ಜೇಡಿ ಎಂದರೆ ಸೋಡಿಯಂ ಹಿಡಿದಿಡಬಲ್ಲ ಮಣ್ಣು. ಪರೀಕ್ಷಿಸದೆ ಹೊಡೆದ ಗೋಡು ತಗ್ಗಿನ ರೋಗವನ್ನು ದಿಣ್ಣೆಗೆ ಹತ್ತಿಸಿದರೆ ಆಶ್ಚರ್ಯವಿಲ್ಲ.

ಪರಿಹಾರ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ 1969ರಿಂದಲೂ ಈ ಕೆಲಸದಲ್ಲಿದೆ, ನಮ್ಮದೇ ರಾಜ್ಯದ ಗಂಗಾವತಿಯಲ್ಲೂ ಇದಕ್ಕೆ ಮೀಸಲಾದ ಸಂಶೋಧನೆ ನಡೆಯುತ್ತಿದೆ. ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಹಾಕಿದರೆ ಅದರ ಕ್ಯಾಲ್ಸಿಯಂ ಜೇಡಿಯ ಮೇಲಿನ ಸೋಡಿಯಂ ಅನ್ನು ಹೊರದೂಡಿ ಆ ಜಾಗಕ್ಕೆ ತಾನು ಕೂರುತ್ತದೆ. ಹೊರಬಿದ್ದ ಸೋಡಿಯಂ ಸಲ್ಫೇಟ್ ನೀರಿನೊಂದಿಗೆ ಬಸಿದು ಹೋಗಬೇಕು. ಬಸಿಗಾಲುವೆ ಇಲ್ಲದ ಹೊಲಕ್ಕೆ ಜಿಪ್ಸಂ ಹಾಕುವುದು ದುಡ್ಡು ಸುರಿದಂತೆ. ಸುಣ್ಣ ಹಾಕಿದರೂ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಹುಳಿ ಮಣ್ಣಿಗೆ ಸುಣ್ಣ ಸರಿ, ಇಷ್ಟು ರಸಸಾರದಲ್ಲಿ ಅದು ಕರಗುವುದೇ ಇಲ್ಲ, ಈ ಹೊಲಗಳಲ್ಲಿ ಸುಣ್ಣದ ಹರಳುಗಳು ಮೊದಲೇ ಇರುತ್ತವೆ.

ಪ್ರಮಾಣದ ವಿಷಯದಲ್ಲಿ ಗೊಂದಲ ಹೆಚ್ಚು. ಗೌರಿಬಿದನೂರು, ಪಾವಗಡ ಕಡೆಯ ಕಡಲೆಕಾಯಿ ಬೆಳೆಗಾರರು ಎಕರೆಗೆ 2 ಕ್ವಿಂಟಲ್ ಜಿಪ್ಸಂ ಹಾಕುವುದನ್ನು ಬಲ್ಲರು. ಅದು ಕಾಯಿ ಕಟ್ಟಲು ಬೇಕಾದ ಕ್ಯಾಲ್ಸಿಯಂ ಮತ್ತು ಗಂಧಕಕ್ಕೆ. ಮಣ್ಣಿನ ಸುಧಾರಣೆಗೆ ಅದು ಏನೇನೂ ಸಾಲದು. ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿ 100 ಗ್ರಾಂಗೆ ಒಂದು ಮಿಲಿ ಈಕ್ವಿವಲೆಂಟ್ ಸೋಡಿಯಂ ಕಳೆಯಲು ಎಕರೆಗೆ ಸುಮಾರು 7.8 ಕ್ವಿಂಟಲ್ ಶುದ್ಧ ಜಿಪ್ಸಂ ಬೇಕು. ಅಂಟಿದ ಸೋಡಿಯಂ ಶೇ. 25 ಇರುವ ಒಂದು ಜೇಡಿ ಹೊಲವನ್ನು ಶೇ. 10ಕ್ಕೆ ಇಳಿಸಬೇಕಾದರೆ, ಆ ಜೇಡಿಯ ಹಿಡಿತದ ಸಾಮರ್ಥ್ಯ 100 ಗ್ರಾಂಗೆ 20 ಮಿಲಿ ಈಕ್ವಿವಲೆಂಟ್ ಎಂದಿಟ್ಟುಕೊಂಡರೂ, ಎಕರೆಗೆ 23 ಕ್ವಿಂಟಲಿನಷ್ಟಾಗುತ್ತದೆ. ಲೆಕ್ಕದ ಅರ್ಧದಷ್ಟನ್ನೇ ಹಾಕಿ ಉಳಿದದ್ದನ್ನು ಹಸಿರೆಲೆ ಗೊಬ್ಬರ, ಕೊಟ್ಟಿಗೆ ಗೊಬ್ಬರ ಮತ್ತು ಬೆಳೆಗೆ ಬಿಡುವುದು ರೂಢಿ, ಆದರೂ ಇದು ಸಣ್ಣ ಖರ್ಚಲ್ಲ. ನೀರಿನ ಲೆಕ್ಕ ಬೇರೆಯೇ ಇದೆ: ಉಳಿಕೆ ಸೋಡಿಯಂ ಕಾರ್ಬೊನೇಟ್ 5 ಇರುವ ನೀರನ್ನು 2.5ಕ್ಕೆ ಇಳಿಸಲು ಎಕರೆಗೆ ಒಂದು ಅಂಗುಲ ನೀರು ಹಾಯಿಸಿದ ಪ್ರತಿ ಬಾರಿಗೂ 22 ಕಿಲೋ ಶುದ್ಧ ಜಿಪ್ಸಂ ಬೇಕು. ಅಳತೆಯಿಲ್ಲದೆ ಇಷ್ಟು ಹಣ ಹಾಕಿ ಎಂದು ಯಾವ ರೈತನಿಗೂ ಹೇಳಲಾಗದು. ಅಲ್ಲಿಯವರೆಗೆ ಬೀನ್ಸ್‌ನಂತಹ ಸೋಡಿಯಂ ತಾಳದ ಬೆಳೆಯನ್ನು ಅಂತಹ ತಗ್ಗಿಗೆ ಇಡದಿರುವುದೇ ಲೇಸು. ಭತ್ತ ಅದಕ್ಕಿಂತ ಹೆಚ್ಚು ತಾಳುತ್ತದೆ.

ಪ್ರಯೋಗಾಲಯಕ್ಕೆ ಹೋಗುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಅವರೆಕಾಳಿನಷ್ಟು ದೊಡ್ಡ ಒಣ ಹೆಂಟೆಯನ್ನು ಹಿಡಿದಿಟ್ಟ ಮಳೆ ನೀರು ತುಂಬಿದ ಗಾಜಿನ ಲೋಟಕ್ಕೆ ಮೆಲ್ಲಗೆ ಬಿಟ್ಟು, ಕಲಕದೆ ಕೆಲವು ಗಂಟೆ ಇಡಬೇಕು. ಹೆಂಟೆ ಕುಸಿದು ಪುಡಿಯಾದರೆ ಅದು ಹೆಚ್ಚಿನ ಮಣ್ಣುಗಳ ಸ್ವಭಾವ, ಹೆದರಬೇಕಿಲ್ಲ. ಅದರ ಸುತ್ತ ನೀರು ಮಂಜು ಕವಿದಂತೆ ಬೆಳ್ಳಗಾಗಿ ಹಾಗೆಯೇ ನಿಂತರೆ ಸೋಡಿಯಂನ ಅನುಮಾನ ಗಟ್ಟಿ. ಬೋರ್‌ವೆಲ್ ನೀರು ಬಳಸಿದರೆ, ಮೇಲೆ ಹೇಳಿದ ಕಾರಣಕ್ಕೆ, ರೋಗವಿದ್ದೂ ಕಾಣದೆ ಹೋಗಬಹುದು.

ಇಲಾಖೆಗೆ ನನ್ನ ಕೋರಿಕೆ ಇಷ್ಟು. ಎಲ್ಲ ಕಾರ್ಡುಗಳಿಗೂ ಹೊಸ ಪರೀಕ್ಷೆ ಸೇರಿಸುವುದು ದುಬಾರಿ ಎಂಬುದು ಗೊತ್ತಿದೆ. ರಸಸಾರ 8.5 ದಾಟಿದ ಮಾದರಿಗಳನ್ನಷ್ಟೇ ಬೇರೆ ತೆಗೆದು, ಅವುಗಳಲ್ಲಿ ಅಂಟಿದ ಸೋಡಿಯಂ ಮತ್ತು ಜಿಪ್ಸಂ ಅಗತ್ಯವನ್ನು ಅಳೆದು ಅದೇ ಕಾರ್ಡಿನಲ್ಲಿ ನಮೂದಿಸಲಿ. ಚಿಂತಾಮಣಿಯ ಕುರುಬೂರು ಮತ್ತು ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರಗಳಿಗೆ ಇದರ ಜವಾಬ್ದಾರಿ ಕೊಡುವುದಾದರೆ ರೈತರು ಬೆಂಗಳೂರಿಗೆ ಅಲೆಯುವುದು ತಪ್ಪುತ್ತದೆ. ಹೋಬಳಿಯ ರೈತ ಸಂಪರ್ಕ ಕೇಂದ್ರಗಳು ಮಣ್ಣಿನ ಜೊತೆಗೆ ಒಂದು ಬಾಟಲಿ ಬೋರ್‌ವೆಲ್ ನೀರನ್ನೂ ಪಡೆದು ಉಳಿಕೆ ಸೋಡಿಯಂ ಕಾರ್ಬೊನೇಟ್ ವರದಿ ಕೊಡಲಿ. ಜಿಪ್ಸಂ ಹಾಕಿ ಮೇಲಿನ ಹತ್ತು ಸೆಂಟಿಮೀಟರಿಗೆ ಬೆರೆಸಿ, ಬದು ಕಟ್ಟಿ ನೀರು ನಿಲ್ಲಿಸುವ ಕೆಲಸ ಮುಂಗಾರಿಗೆ ಮುಂಚೆ ಮುಗಿಯಬೇಕಾದ್ದರಿಂದ, ಮಾದರಿ ಸಂಗ್ರಹ ಸುಗ್ಗಿ ಮುಗಿದ ಕೂಡಲೇ ಆರಂಭವಾಗಿ ಏಪ್ರಿಲ್ ಹೊತ್ತಿಗೆ ವರದಿ ರೈತರ ಕೈ ಸೇರುವಂತಿರಲಿ.

ಇತಿ,
ಒಬ್ಬ ಓದುಗ, ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ