ಕೀಮೋ ಮುಗೀತು, ಎಲ್ರಿಗೂ ಥ್ಯಾಂಕ್ಸ್, ನಮ್ ಕೋಚ್‌ಗೆ ಇನ್ನೊಂದ್ಸಲ

ಮೊನ್ನೆ ಗುರುವಾರ ನನ್ನ ಕೊನೇ ಕೀಮೋ ಆಯ್ತು. ಎರಡು ದಿನ ಬರೀ ಮಲಗಿದ್ದೆ, ಇವತ್ತು ಬೆಳಿಗ್ಗೆ ತಿಳಿಸಾರು ಬಾಯಿಗೆ ರುಚಿ ಅನ್ನಿಸ್ತು, ಸರಿ ಇವತ್ತೇ ಬರೆದುಬಿಡೋಣ ಅಂತ ಕೂತಿದೀನಿ.

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿರೋ ರಾಲಿಗೆ ಬಂದು ಹನ್ನೊಂದು ವರ್ಷ ಆದ್ರೂ ಕೇ ಯೌ ಯಾರು ಅಂತ ನಂಗೆ ಗೊತ್ತಿರ್ಲಿಲ್ಲ. ಬ್ರೆಸ್ಟ್ ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ವಾರ ಮಗಳ ಸ್ಕೂಲ್ ಬ್ಯಾಸ್ಕೆಟ್‌ಬಾಲ್ ಟೀಮ್ ಕೋಚ್ ಪಾರ್ಕಿಂಗಲ್ಲಿ ನನ್ನ ಕಾರ್ ಪಕ್ಕ ನಿಂತು ಕೇ ಯೌ ಕಥೆ ಹೇಳಿದ್ರು. ಎನ್‌ಸಿ ಸ್ಟೇಟ್ ಯೂನಿವರ್ಸಿಟಿ ಹುಡುಗೀರ ಬ್ಯಾಸ್ಕೆಟ್‌ಬಾಲ್ ಟೀಮಿಗೆ 1975ರಿಂದ ಕೋಚ್, ಕೋಚಿಂಗ್ ಜೀವನದಲ್ಲಿ ಒಟ್ಟು 737 ಮ್ಯಾಚ್ ಗೆದ್ದೋರು, 1987ರಲ್ಲಿ ಇದೇ ಕ್ಯಾನ್ಸರ್ ಬಂತು, ಮಾರನೇ ವರ್ಷ ಸಿಯೋಲ್ ಒಲಿಂಪಿಕ್ಸಿಗೆ ಅಮೆರಿಕ ಟೀಮ್ ಕರ್ಕೊಂಡು ಹೋಗಿ ಚಿನ್ನ ತಂದ್ರು. ಕಾಯಿಲೆ ಮತ್ತೆ ತಿರುಗಿ ಬಂತು, 2006-07 ಸೀಸನ್ನಲ್ಲಿ 16 ಮ್ಯಾಚ್ ಬಿಟ್ಟು ವಾಪಸ್ ಬಂದಾಗ ಹುಡುಗೀರು ಶೂಗೆ ಪಿಂಕ್ ಲೇಸ್ ಕಟ್ಕೊಂಡು ಆಡಿದ್ರು, ರೆನಾಲ್ಡ್ಸ್ ಕೊಲಿಸಿಯಂ ಕೋರ್ಟಿಗೆ ಅವ್ರ ಹೆಸರಿಟ್ಟ ರಾತ್ರೀನೇ ಎರಡನೇ ರ‍್ಯಾಂಕಿನ ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿ ಟೀಮನ್ನ ಸೋಲಿಸಿದ್ರು. 2009ರ ಜನವರಿಯಲ್ಲಿ ತೀರ್ಕೊಂಡ್ರು.

ಅವ್ರ ಹೆಸರಲ್ಲಿ ಈಗ ಕಾಲೇಜ್ ಹುಡುಗೀರ ಟೀಮಿನ ಕೋಚ್‌ಗಳಿಗೆ ಒಂದು ಅವಾರ್ಡ್ ಕೊಡ್ತಾರೆ, ಗೆದ್ದಿದ್ದರ ಜೊತೆಗೆ ಕೋರ್ಟಿನ ಹೊರಗೆ ಮನುಷ್ಯರು ಎಂಥೋರು ಅಂತನೂ ನೋಡಿ. ಗಂಡಸರ ಟೀಮಿನೋರಿಗೂ ಇಂಥದ್ದೇ ಒಂದಿದೆ, ವೇಕ್ ಫಾರೆಸ್ಟ್ ಯೂನಿವರ್ಸಿಟಿ ಕೋಚ್ ಆಗಿದ್ದ ಸ್ಕಿಪ್ ಪ್ರಾಸರ್ ಹೆಸರಲ್ಲಿ, ಅವ್ರೂ ನಮ್ ರಾಜ್ಯದಲ್ಲೇ ಇದ್ದೋರು. ಒಬ್ರ ಗುಣಾನ ಹೇಗಪ್ಪಾ ನೋಡಿ ಹೇಳ್ತಾರೆ ಅಂತ ಅವತ್ತು ಅನ್ನಿಸಿತ್ತು ನಂಗೆ.

ಈ ಆರು ತಿಂಗಳು ನಾನೇ ಕಣ್ಣಾರೆ ನೋಡ್ದೆ. ನನ್ನ ಮೊದಲ್ನೇ ಕೀಮೋ ದಿನ ಮಗಳು ಫ್ರೀ ಥ್ರೋ ಒಂದಾದ್ಮೇಲೆ ಒಂದು ಮಿಸ್ ಮಾಡಿ ಗೋಡೆಗೆ ಒರಗಿ ಕೂತುಬಿಟ್ಟಿದ್ಲಂತೆ. ಕೋಚ್ ಬಂದು ಅವ್ಳ ಎದುರು ನೆಲದ ಮೇಲೆ ಕೂತು, ಏನೂ ಕೇಳ್ದೆ, ಅವ್ಳ ಶೂ ತೊಡೆ ಮೇಲಿಟ್ಕೊಂಡು ಬಿಳೀ ಲೇಸ್ ಬಿಚ್ಚಿ, ಜೇಬಿಂದ ಪಿಂಕ್ ಲೇಸ್ ತೆಗೆದು ಒಂದೊಂದೇ ತೂತಿಗೆ ಪೋಣಿಸಿ ಬಿಗಿಯಾಗಿ ಗಂಟು ಹಾಕಿದ್ರು. ಮುಂದಿನ ಮ್ಯಾಚಿಗೆ ಇಡೀ ಟೀಮ್ ಕಾಲಲ್ಲಿ ಪಿಂಕ್ ಲೇಸು. ಅವತ್ತಿಂದ ನನ್ನ ಕೀಮೋ ಇದ್ದ ಪ್ರತಿ ದಿನ ಮಗಳನ್ನ ಮನೆ ಬಾಗಿಲ ತನಕ ಬಿಟ್ಟು ಹೋಗಿದ್ದೂ ಅವ್ರೇ. ಸ್ಕೂಲ್ ಕೋಚ್‌ಗೆ ಆ ಅವಾರ್ಡ್ ಬರಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ. ಕೋಚ್, ನಿಮ್ಮ ಋಣ ದೊಡ್ಡದು. ಮಗಳು ಇದನ್ನ ನಿಮಗೆ ಇಂಗ್ಲಿಷಲ್ಲಿ ಓದಿ ಹೇಳ್ತಾಳೆ.

ರಾತ್ರಿಯೆಲ್ಲಾ ಪಕ್ಕದಲ್ಲಿ ಎದ್ದು ಕೂತಿದ್ದ ನಮ್ಮನೆಯವ್ರಿಗೆ, ಮೈಸೂರಿಂದ ಬಂದು ಮೂರು ತಿಂಗಳು ನಿಂತ ಅತ್ತೆಗೆ, ವಾರಾನುಗಟ್ಲೆ ಪಾಳಿ ಹಾಕ್ಕೊಂಡು ಅಡುಗೆ ತಂದುಕೊಟ್ಟ ಪಕ್ಕದೂರು ಕ್ಯಾರಿಯ ಗೆಳತೀರಿಗೆ ಏನಂತ ಹೇಳ್ಲಿ. ನಿಮ್ಮ ಡಬ್ಬಿಗಳೆಲ್ಲಾ ಇಲ್ಲೇ ಇವೆ ಕಣ್ರೇ, ಹದಿನೇಳು ಎಣಿಸಿದೀನಿ. ಶನಿವಾರ ಸಂಜೆ ಬಂದು ತಗೊಂಡು ಹೋಗಿ. ಖಾಲಿ ಡಬ್ಬಿ ವಾಪಸ್ ಕೊಡೋದನ್ನ ನಮ್ಮಮ್ಮ ಕಲಿಸಿಲ್ಲ, ಅತ್ತೆ ಆಗ್ಲೇ ಕೋಡುಬಳೆ ಹಿಟ್ಟು ಕಲಸ್ತಿದಾರೆ.