ವಿಟಮಿನ್ ಡಿ ಕಡಿಮೆ ಎಂದು ಮಕ್ಕಳನ್ನು ಬೈಯಬೇಡಿ

ಮಾನ್ಯ ಸಂಪಾದಕರೇ,

ತಲೆಯಲ್ಲಿ ನಾಣ್ಯದಗಲ ಕೂದಲು ಉದುರಿ ನುಣ್ಣಗಾಗುವ ತೊಂದರೆ ನಮ್ಮ ಅಕ್ಕನ ಮಗಳಿಗೆ ಬಂದಿದೆ. ಡಾಕ್ಟರು ಇದನ್ನು ಅಲೋಪೇಶಿಯಾ ಏರಿಯೇಟಾ ಅನ್ನುತ್ತಾರೆ. ರೋಗ ತಡೆಯಬೇಕಾದ ಮೈಯೊಳಗಿನ ಬಿಳಿ ರಕ್ತಕಣಗಳೇ ಕೂದಲಿನ ಬುಡದ ಮೇಲೆ ಬೀಳುತ್ತವಂತೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂತು. ಅಷ್ಟೇ ಸಾಕಾಯ್ತು ನೋಡಿ, ಮನೆಗೆ ಬಂದವರೆಲ್ಲ 'ಸದಾ ಮೊಬೈಲ್ ಹಿಡ್ಕೊಂಡು ಒಳಗೇ ಕೂತಿರ್ತೀಯ, ಬಿಸಿಲಿಗೆ ಹೋಗಿದ್ರೆ ಹೀಗಾಗ್ತಿತ್ತಾ' ಅಂತ ಅವಳನ್ನೇ ಬೈಯಲು ಶುರು ಮಾಡಿದರು. ಇದು ತಪ್ಪು. ಮಗುವಿನ ಮನಸ್ಸು ಮುರಿಯುವಂಥ ತಪ್ಪು.

ಎರಡಕ್ಕೂ ನಂಟಿರುವುದು ನಿಜ. ಈ ತೊಂದರೆ ಇರುವವರಲ್ಲಿ ವಿಟಮಿನ್ ಡಿ ಉಳಿದವರಿಗಿಂತ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಕಡಿಮೆ ಇದ್ದದ್ದರಿಂದಲೇ ಕೂದಲು ಹೋಯಿತು ಅನ್ನುವುದು ಸಾಬೀತಾಗಿಲ್ಲ. ತಲೆಯಲ್ಲಿ ಬೋಳು ಮಚ್ಚೆ ಇರುವ ಹುಡುಗಿ ಜನರ ಕಣ್ಣಿಗೆ ಬೀಳಲು ಹಿಂಜರಿದು ತಿಂಗಳುಗಟ್ಟಲೆ ಮನೆಯೊಳಗೇ ಉಳಿದರೆ, ಕೂದಲು ಹೋದ ಮೇಲೆ ವಿಟಮಿನ್ ಇಳಿದಿರಲೂಬಹುದು ಅಲ್ವಾ? ಅದೂ ಅಲ್ಲದೆ, ಇಷ್ಟು ಬಿಸಿಲಿರುವ ನಮ್ಮ ಊರುಗಳಲ್ಲೇ ಡಿ ಕಡಿಮೆ ಇರುವವರು ಎಷ್ಟೋ ಜನ. ಅವರಿಗೆಲ್ಲ ಹೀಗೆ ಕೂದಲು ಉದುರಿಲ್ಲ.

ನನಗೆ ಇನ್ನೂ ಜಾಸ್ತಿ ಭಯ ಇರುವುದು ವಿಟಮಿನ್ ಡಿಯ 60,000 ಯೂನಿಟ್‌ನ ಪುಡಿ ಪ್ಯಾಕೆಟ್ಟಿನ ಬಗ್ಗೆ. ಡಾಕ್ಟರು ವಾರಕ್ಕೊಂದು, ಅದೂ ಕೆಲವೇ ವಾರ ಎಂದು ಬರೆಯುವುದನ್ನು, ಯಾರನ್ನೂ ಕೇಳದೆ ಮೆಡಿಕಲ್ ಶಾಪಿನಿಂದ ತಂದು, ಬೇಗ ಕೂದಲು ಬರಲಿ ಅಂತ ಸುಮ್ನೆ ದಿನಾ ಕುಡಿದರೆ ಏನಾದೀತು? ಈ ವಿಟಮಿನ್ ಮೂತ್ರದಲ್ಲಿ ಸುಲಭಕ್ಕೆ ಹೋಗುವಂಥದ್ದಲ್ಲ, ಮೈಯ ಕೊಬ್ಬಿನಲ್ಲಿ ಉಳಿಯುತ್ತದೆ. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಸುಸ್ತು, ಕೊನೆಗೆ ಕಿಡ್ನಿಗೇ ಪೆಟ್ಟು.

ಡಿ ಕಡಿಮೆ ಇದ್ದರೆ ಡಾಕ್ಟರು ಹೇಳಿದಷ್ಟು ತಗೊಳ್ಳಲಿ, ಮೂಳೆಗೆ ಅದು ಬೇಕೇ ಬೇಕು. ಆದರೆ ಕೂದಲಿಗೆ ಚರ್ಮದ ಡಾಕ್ಟರ ಹತ್ತಿರವೇ ಹೋಗಬೇಕು. ಥೈರಾಯ್ಡ್ ಕೂಡ ನೋಡಿಸಬೇಕು, ಎರಡೂ ಜೊತೆಗೆ ಬರುವುದುಂಟು. ಒಂದೆರಡು ಮಚ್ಚೆ ಇರುವ ಎಷ್ಟೋ ಜನಕ್ಕೆ ವರ್ಷದೊಳಗೆ ತಾನಾಗಿಯೇ ಕೂದಲು ಬರುತ್ತದೆ. ಬಾರದಿದ್ದರೆ ಆ ಜಾಗಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ತೀರಾ ಜಾಸ್ತಿಯಾದ ದೊಡ್ಡವರಿಗೆ ಬಾರಿಸಿಟಿನಿಬ್ ಎಂಬ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

ನಿಮ್ಮ ಆರೋಗ್ಯ ಪುಟದಲ್ಲಿ ಚರ್ಮದ ಡಾಕ್ಟರೊಬ್ಬರಿಂದ ಇದನ್ನೆಲ್ಲ ಬರೆಸಿ. ಮಚ್ಚೆ ಹೇಗಿರುತ್ತದೆ ಎಂದು ಫೋಟೋ ಹಾಕಿದರೆ ಅಪ್ಪ ಅಮ್ಮಂದಿರಿಗೆ ಗುರುತು ಹಿಡಿಯುವುದು ಸುಲಭವಾಗುತ್ತದೆ.

– ನಿಮ್ಮ ಓದುಗ, ದಾವಣಗೆರೆ